ರೂಪಾಯಿ ಚಿಹ್ನೆ ಒತ್ತಿದರೆ ವಿಂಡೋ ಜಿಗಿಯುತ್ತಿತ್ತು: ಒಂದು ಡಿಟಿಪಿ ಕಂಪ್ಯೂಟರ್ ರಿಪೇರಿ

ದೂರು ಇದ್ದದ್ದು ಹೀಗೆ. ಬೆಲೆಪಟ್ಟಿ ಟೈಪ್ ಮಾಡುವಾಗ ₹ ಹಾಕಲು ಹೋದರೆ ಚಿಹ್ನೆ ಬೀಳುವುದಿಲ್ಲ. ಟೈಪ್ ಮಾಡುತ್ತಿದ್ದ ವಿಂಡೋನೇ ಎದ್ದು ಪರದೆಯ ಬಲಗಡೆ ಕೆಳಮೂಲೆಗೆ ಹೋಗಿ ಕೂರುತ್ತದೆ. ಇನ್ನೊಂದು ಕಡೆ, ಪೇಜ್ ಮಾಡುವ ಪ್ರೋಗ್ರಾಂನ ವಿಂಡೋ ಮಾತ್ರ ಯಾವ ಶಾರ್ಟ್‌ಕಟ್‌ಗೂ ಜಗ್ಗುವುದಿಲ್ಲ. ಒಂದು ಬೇಡವೆಂದರೂ ಓಡುತ್ತದೆ, ಇನ್ನೊಂದು ಬೇಕೆಂದರೂ ಕದಲುವುದಿಲ್ಲ.

ಕಂಪ್ಯೂಟರ್ ನಮ್ಮ ಬಡಾವಣೆಯ ಡಿಟಿಪಿ ಅಂಗಡಿಯದು. ನಡೆಸುವವರು ಒಬ್ಬ ಅಕ್ಕ. ಲಗ್ನಪತ್ರಿಕೆ, ಬಿಲ್ ಬುಕ್, ಶಾಲೆಯ ಪ್ರಶ್ನೆಪತ್ರಿಕೆ, ಹೋಟೆಲ್ ಬೆಲೆಪಟ್ಟಿ, ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ ಆಗಬೇಕು. ಗಿರಾಕಿ ಕಳಿಸಿದ ಮ್ಯಾಟರ್‌ನ ಫೋಟೋ ಎಡಗಡೆ, ಪೇಜ್ ಪ್ರೋಗ್ರಾಂ ನಡುವೆ, ಬಲಗಡೆ ಮೇಲೆ ವಾಟ್ಸ್ಆ್ಯಪ್, ಅದರ ಕೆಳಗೆ ಫೋಲ್ಡರ್. ಹೀಗೆ ಪರದೆಯನ್ನು ನಾಲ್ಕು ಭಾಗ ಮಾಡಿಕೊಂಡಿದ್ದರು. ಇದಕ್ಕೆ ಬಳಸುತ್ತಿದ್ದದ್ದು ಮೈಕ್ರೋಸಾಫ್ಟ್ ಪವರ್‌ಟಾಯ್ಸ್‌ನಲ್ಲಿ ಬರುವ ಫ್ಯಾನ್ಸಿಝೋನ್ಸ್. ಉಚಿತ, ಓಪನ್ ಸೋರ್ಸ್, 2019ರಿಂದ ಇದೆ. ವಿಂಡೋಸ್ ಕೀ, ಶಿಫ್ಟ್ ಮತ್ತು ಎಸ್ಕೇಪ್ ಕೆಳಗಿನ ಕೀ ಒಟ್ಟಿಗೆ ಒತ್ತಿದರೆ ಝೋನ್ ಬರೆಯುವ ಎಡಿಟರ್ ತೆರೆಯುತ್ತದೆ. ಆಮೇಲೆ ಶಿಫ್ಟ್ ಹಿಡಿದು ವಿಂಡೋ ಎಳೆದರೆ ಝೋನ್‌ಗಳು ಕಾಣುತ್ತವೆ, ಬೇಕಾದ ಕಡೆ ಬಿಟ್ಟರೆ ಸರಿಯಾಗಿ ಕೂರುತ್ತದೆ.

ಇದರ ಜೊತೆಗೆ, ಯಾವ ಕೀ ಒತ್ತಿದರೆ ಏನಾಗಬೇಕು ಅಂತ ಹೇಳುವ ಒಂದು ಚಿಕ್ಕ ಆಟೋಹಾಟ್‌ಕೀ ಸ್ಕ್ರಿಪ್ಟ್ ಇತ್ತು. ಅಂಗಡಿಗೆ ಮೊದಲು ಬರುತ್ತಿದ್ದ ಹುಡುಗನೊಬ್ಬ ಹಾಕಿಕೊಟ್ಟದ್ದು. ಫ್ಯಾನ್ಸಿಝೋನ್ಸ್‌ನಲ್ಲಿ ಕೀಬೋರ್ಡ್‌ನಿಂದ ಸರಿಸಬೇಕಾದರೆ ವಿಂಡೋಸ್ ಕೀ ಜೊತೆ ಬಾಣದ ಕೀ ಒತ್ತುತ್ತಾ ಒಂದೊಂದೇ ಝೋನ್ ದಾಟಬೇಕು. ಈ ಸ್ಕ್ರಿಪ್ಟ್ ಇದ್ದರೆ ಕಂಟ್ರೋಲ್, ಆಲ್ಟ್ ಹಿಡಿದು 1 ಒತ್ತಿದರೆ ಮೊದಲ ಜಾಗ, 4 ಒತ್ತಿದರೆ ನಾಲ್ಕನೇ ಜಾಗ. ಕೆಲಸಕ್ಕೆ ನಿಜವಾಗಿಯೂ ಅನುಕೂಲ. ಅಕ್ಕನ ಎಡಗೈ ಅದಕ್ಕೆ ಎಷ್ಟು ಒಗ್ಗಿತ್ತೆಂದರೆ ಅವರು ಕೀಬೋರ್ಡ್ ನೋಡುತ್ತಲೇ ಇರಲಿಲ್ಲ. ಹಾಗಾಗಿ ಸ್ಕ್ರಿಪ್ಟ್ ತೆಗೆದುಹಾಕಿ ಕೈತೊಳೆದುಕೊಳ್ಳುವ ಯೋಚನೆ ನನಗೆ ಮೊದಲಿಂದಲೂ ಇರಲಿಲ್ಲ.

ಮೂರನೆಯದು ಕನ್ನಡ ಟೈಪಿಂಗ್ ಸಾಫ್ಟ್‌ವೇರ್. ಕೆ. ಪಿ. ರಾವ್ ರೂಪಿಸಿದ, ಈಗ ಎಲ್ಲರೂ ಕಗಪ ಎನ್ನುವ ಕೀಲಿವಿನ್ಯಾಸ. ಅದು ಹಿನ್ನೆಲೆಯಲ್ಲಿ ಕೂತು ಪ್ರತಿ ಕೀಯನ್ನೂ ಮೊದಲು ತಾನು ಹಿಡಿದು, ಕನ್ನಡ ಅಕ್ಷರ ಮಾಡಿ ಮುಂದಕ್ಕೆ ಕಳಿಸುತ್ತದೆ. ಕೀಬೋರ್ಡ್ ಮೇಲೆ ಕಣ್ಣಿಟ್ಟ ಪ್ರೋಗ್ರಾಂಗಳು ಹೀಗೆ ಒಂದೇ ಕಂಪ್ಯೂಟರ್‌ನಲ್ಲಿ ಮೂರು. ಜಗಳ ಆಗಬಹುದಾದ ಜಾಗ ಇದೇ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

"ದಿನಾ ಆಗಲ್ಲ ತಮ್ಮಾ. ಆದಾಗ ಮಾತ್ರ ತಲೆ ಕೆಟ್ಟುಹೋಗುತ್ತೆ," ಅಂದರು ಅಕ್ಕ. ಹಳೇ ಬಿಲ್‌ನಿಂದ ₹ ಕಾಪಿ ಮಾಡಿ ತಂದು ಅಂಟಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಅದೂ ಬೇಸರವಾದ ದಿನ "ರೂ." ಅಂತ ಹಾಕಿ ಮುಗಿಸುತ್ತಿದ್ದರು. ಅರವತ್ತು ತಿಂಡಿ ಇರುವ ಪಟ್ಟಿಯಲ್ಲಿ ಇದು ಸಣ್ಣ ಕಾಟ ಅಲ್ಲ.

ಯಾರ ಕೆಲಸ ಇದು?

ಅಕ್ಕನಿಗೆ ಸಿಕ್ಕಿದ್ದ ಸಲಹೆಗಳು ಎರಡು. ಕೀಬೋರ್ಡ್ ಬದಲಿಸಿ, ಇಲ್ಲವೇ ಎಲ್ಲ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಕೀಬೋರ್ಡ್ ಬದಲಿಸಿಯೂ ಆಗಿತ್ತು. ಹೊಸ ಕೀಬೋರ್ಡ್‌ನಲ್ಲೂ ವಿಂಡೋ ಜಿಗಿಯಿತು.

ಇಂಥ ಕಡೆ ಸೆಟ್ಟಿಂಗ್ ಮುಟ್ಟುವ ಮೊದಲು ಒಂದೊಂದನ್ನೇ ನಿಲ್ಲಿಸಿ ನೋಡುವುದು ಒಳ್ಳೆಯದು. ಗಡಿಯಾರದ ಪಕ್ಕದ ಐಕಾನ್‌ಗಳಿಂದಲೇ ಇದು ಆಗುತ್ತದೆ, ಏನನ್ನೂ ಅಳಿಸಬೇಕಿಲ್ಲ. ಪವರ್‌ಟಾಯ್ಸ್ ಮುಚ್ಚಿದೆ. ಬಲಗಡೆ ಆಲ್ಟ್ ಹಿಡಿದು 4 ಒತ್ತಿದೆ. ವಿಂಡೋ ಜಿಗಿಯಿತು. ಅಂದರೆ ಫ್ಯಾನ್ಸಿಝೋನ್ಸ್‌ನ ಪಾತ್ರ ಇಲ್ಲ. ಕನ್ನಡ ಸಾಫ್ಟ್‌ವೇರ್ ಮುಚ್ಚಿದೆ. ಮತ್ತೂ ಜಿಗಿಯಿತು. ಆಟೋಹಾಟ್‌ಕೀಯ ಹಸಿರು ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಸಸ್ಪೆಂಡ್ ಹಾಟ್‌ಕೀಸ್ ಕೊಟ್ಟೆ. ₹ ಅಚ್ಚುಕಟ್ಟಾಗಿ ಬಿತ್ತು.

ಯಾರು ಅಂತ ಗೊತ್ತಾಯಿತು. ಯಾಕೆ ಅಂತ ಗೊತ್ತಾಗಬೇಕಿತ್ತು. ಸ್ಕ್ರಿಪ್ಟ್ ತೆರೆದರೆ ಅದರಲ್ಲಿ ಇರುವುದು ^!4:: ಅಂತ. ^ ಅಂದರೆ ಕಂಟ್ರೋಲ್, ! ಅಂದರೆ ಆಲ್ಟ್. ಕಂಟ್ರೋಲ್ ಮತ್ತು ಆಲ್ಟ್ ಎರಡೂ ಹಿಡಿದು 4 ಒತ್ತಿದರೆ ಮಾತ್ರ ಓಡು ಅಂತ ಅರ್ಥ. ಅಕ್ಕ ಕಂಟ್ರೋಲ್ ಮುಟ್ಟುತ್ತಲೇ ಇರಲಿಲ್ಲ. ಬಲಗಡೆ ಆಲ್ಟ್ ಮತ್ತು 4, ಅಷ್ಟೇ.

ಆಟೋಹಾಟ್‌ಕೀ ಒಳಗೇ ಇದನ್ನು ನೋಡುವ ದಾರಿ ಇದೆ. ಸ್ಕ್ರಿಪ್ಟ್‌ನ ವಿಂಡೋ ತೆರೆದು ವ್ಯೂ ಮೆನುವಿನಲ್ಲಿ ಕೀ ಹಿಸ್ಟರಿ ಆರಿಸಿದರೆ ಇತ್ತೀಚೆಗೆ ಒತ್ತಿದ ಕೀಗಳೆಲ್ಲ ಸಾಲಾಗಿ ಬರುತ್ತವೆ. ಸ್ಕ್ರಿಪ್ಟ್‌ನಲ್ಲಿ ಕೀಬೋರ್ಡ್ ಹುಕ್ (ಒತ್ತಿದ ಪ್ರತಿ ಕೀಯನ್ನೂ ಹಿಡಿದು ನೋಡುವ ಕೊಕ್ಕೆ) ಹಾಕಿಕೊಂಡಿದ್ದರೆ ಪೂರ್ತಿ ಚಿತ್ರ ಸಿಗುತ್ತದೆ, ಅದಕ್ಕೆ ಒಂದು ಸಾಲು ಸೇರಿಸಿಕೊಂಡೆ. ಆಮೇಲೆ ಬಲಗಡೆ ಆಲ್ಟ್ ಒಂದನ್ನೇ ಒತ್ತಿ ಬಿಟ್ಟು, ಪಟ್ಟಿ ಹೊಸದು ಮಾಡಿ ನೋಡಿದೆ. ಒತ್ತಿದ್ದು ಒಂದು ಕೀ. ಪಟ್ಟಿಯಲ್ಲಿ ಎರಡು. ಮೊದಲು ಎಡ ಕಂಟ್ರೋಲ್ ಕೆಳಗಿಳಿದ ಸಾಲು, ಅದರ ಬೆನ್ನಿಗೇ ಬಲ ಆಲ್ಟ್ ಕೆಳಗಿಳಿದ ಸಾಲು. ಎಡ ಕಂಟ್ರೋಲ್ ಹತ್ತಿರ ಯಾರ ಬೆರಳೂ ಇರಲಿಲ್ಲ.

ಆ ಕಂಟ್ರೋಲ್ ಒತ್ತಿದ್ದು ವಿಂಡೋಸ್. ಬಲಗಡೆ ಆಲ್ಟ್‌ಗೆ ಕೆಲವು ಕೀಲಿವಿನ್ಯಾಸಗಳಲ್ಲಿ ಬೇರೆ ಕೆಲಸ ಇರುತ್ತದೆ. ಒಂದೇ ಕೀ ಮೇಲೆ ಮೂರನೇ ಅಕ್ಷರ ಕೂರಿಸಲು ಅದನ್ನು ಆಲ್ಟ್‌ಗ್ರಾಫ್ ಅಂತ ಬಳಸುತ್ತಾರೆ. ವಿಂಡೋಸ್ ಲೆಕ್ಕದಲ್ಲಿ ಆಲ್ಟ್‌ಗ್ರಾಫ್ ಅಂದರೆ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದ ಹಾಗೆ. ಹಾಗಾಗಿ ಅಂಥ ವಿನ್ಯಾಸ ಚಾಲ್ತಿಯಲ್ಲಿದ್ದಾಗ ಬಲ ಆಲ್ಟ್ ಒತ್ತಿದ ಕೂಡಲೇ ಅದರ ಮುಂದೆ ಒಂದು ಎಡ ಕಂಟ್ರೋಲನ್ನು ವಿಂಡೋಸ್ ತಾನೇ ಸೇರಿಸುತ್ತದೆ. ನಮ್ಮ ದೇಶಕ್ಕೆ ಅಂತ ಇರುವ ಇಂಗ್ಲಿಷ್ ಇಂಡಿಯಾ ವಿನ್ಯಾಸ ಈ ಗುಂಪಿಗೆ ಸೇರಿದ್ದು. ಅದರಲ್ಲಿ ಆಲ್ಟ್‌ಗ್ರಾಫ್ ಮತ್ತು 4 ಅಂದರೆ ₹.

ಹಾಗಾದರೆ ಸ್ಕ್ರಿಪ್ಟ್ ಮಾಡಿದ್ದು ಸರಿಯಾಗಿಯೇ ಇದೆ. ಕಂಟ್ರೋಲ್ ಕಂಡಿತು, ಆಲ್ಟ್ ಕಂಡಿತು, 4 ಕಂಡಿತು. ವಿಂಡೋವನ್ನು ನಾಲ್ಕನೇ ಜಾಗಕ್ಕೆ ತಳ್ಳಿತು. 4 ಅದರ ಕೈಯಲ್ಲೇ ಮುಗಿದುಹೋದ್ದರಿಂದ ₹ ಬೀಳಲಿಲ್ಲ. ಕಂಟ್ರೋಲ್, ಆಲ್ಟ್ ಸೇರಿಸಿ ಶಾರ್ಟ್‌ಕಟ್ ಮಾಡಬೇಡಿ, ಕೆಲವು ಭಾಷೆಗಳಲ್ಲಿ ಅದು ಆಲ್ಟ್‌ಗ್ರಾಫ್ ಆಗುತ್ತದೆ ಅಂತ ಮೈಕ್ರೋಸಾಫ್ಟ್‌ನ ವಿನ್ಯಾಸ ಮಾರ್ಗಸೂಚಿಯಲ್ಲೇ ಇದೆ. ಆದರೆ ಅಮೆರಿಕದ ಕೀಬೋರ್ಡ್ ಇಟ್ಟುಕೊಂಡು ಬರೆದವರಿಗೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಬಲ ಆಲ್ಟ್ ಬರೀ ಆಲ್ಟ್. ನಮ್ಮ ಕಡೆಯ ಕಂಪ್ಯೂಟರ್‌ಗೆ ಏನೇ ಶಾರ್ಟ್‌ಕಟ್ ಹಾಕಿಕೊಟ್ಟರೂ ಒಮ್ಮೆ ₹ ಒತ್ತಿ ನೋಡಿ ಕೊಡಿ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

"ದಿನಾ ಆಗಲ್ಲ" ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಇಂಡಿಯಾ, ಇಂಗ್ಲಿಷ್ ಯುಎಸ್ ಎರಡೂ ವಿನ್ಯಾಸ ಇದ್ದವು. ಪ್ರತಿ ವಿಂಡೋಗೂ ಬೇರೆ ಬೇರೆ ಇನ್‌ಪುಟ್ ಇಟ್ಟುಕೊಳ್ಳುವ ಆಯ್ಕೆಗೆ ಟಿಕ್ ಹಾಕಿತ್ತು. ವಿಂಡೋಸ್ ಕೀ ಮತ್ತು ಸ್ಪೇಸ್ ಎಲ್ಲೋ ಒತ್ತಿಹೋದರೆ ಆ ವಿಂಡೋದ ವಿನ್ಯಾಸ ಮಾತ್ರ ಬದಲಾಗುತ್ತಿತ್ತು. ಯುಎಸ್ ಇದ್ದ ವಿಂಡೋದಲ್ಲಿ ಬಲ ಆಲ್ಟ್ ಮತ್ತು 4 ಒತ್ತಿದರೆ ಏನೂ ಆಗುವುದಿಲ್ಲ. ಜಿಗಿತವೂ ಇಲ್ಲ, ₹ ಕೂಡ ಇಲ್ಲ. ಇಂಡಿಯಾ ಇದ್ದ ವಿಂಡೋದಲ್ಲಿ ಜಿಗಿತ. ಎದುರಿಗೆ ಕೂತವರಿಗೆ ಇದು ಒಂದು ದಿನ ಹಾಗೆ, ಒಂದು ದಿನ ಹೀಗೆ ಅಂತಲೇ ಕಾಣುತ್ತದೆ. ಟಾಸ್ಕ್‌ಬಾರ್‌ನ ಬಲತುದಿಯಲ್ಲಿ ಭಾಷೆಯ ಗುರುತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ವಿನ್ಯಾಸ ಅಂತ ಇರುತ್ತದೆ. ಟೈಪ್ ಮಾಡುವ ಭರದಲ್ಲಿ ಅದನ್ನು ಯಾರು ನೋಡುತ್ತಾರೆ?

ಸರಿಪಡಿಸಿದ್ದು ನಾಲ್ಕೇ ನಾಲ್ಕು ಸಾಲಿನಲ್ಲಿ. ^!4:: ಇದ್ದ ಕಡೆ <^<!4:: ಅಂತ ಬರೆದೆ. ಉಳಿದ ಮೂರು ಅಂಕಿಗೂ ಹಾಗೆಯೇ. < ಗುರುತು ಹಾಕಿದರೆ ಎಡಗಡೆಯ ಕೀ ಮಾತ್ರ ಅಂತ ಅರ್ಥ. ಎಡ ಕಂಟ್ರೋಲ್ ಇರಲಿ, ಆಲ್ಟ್ ಕೂಡ ಎಡಗಡೆಯದೇ ಆಗಿರಬೇಕು. ವಿಂಡೋಸ್ ಸೇರಿಸುವ ಎಡ ಕಂಟ್ರೋಲ್ ಜೊತೆ ಬರುವುದು ಬಲ ಆಲ್ಟ್, ಅದು ಈಗ ಹೊಂದುವುದಿಲ್ಲ. ಅಕ್ಕನ ಎಡಗೈ ಅಭ್ಯಾಸ ಬದಲಿಸಬೇಕಾಗಲಿಲ್ಲ ಅನ್ನುವುದು ನನಗೆ ಎಲ್ಲಕ್ಕಿಂತ ಸಮಾಧಾನದ ವಿಷಯ. ವಿಂಡೋಸ್ ಕೀ ಜೊತೆ ಅಂಕಿ ಇಡಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಆ ಸಾಲಿನ ಶಾರ್ಟ್‌ಕಟ್‌ಗಳನ್ನು ಟಾಸ್ಕ್‌ಬಾರ್‌ ಆಗಲೇ ಹಿಡಿದಿಟ್ಟುಕೊಂಡಿದೆ. ಒಂದು ಜಗಳ ಬಿಡಿಸಿ ಇನ್ನೊಂದು ಕಟ್ಟಿಕೊಂಡ ಹಾಗಾಗುತ್ತಿತ್ತು.

₹ ಬಗ್ಗೆ ಒಂದು ಮಾತು. ಈ ಚಿಹ್ನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2010ರ ಜುಲೈ 15ರಂದು. ಅದೇ ಅಕ್ಟೋಬರ್‌ನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ 6.0ರಲ್ಲಿ ಸ್ವಂತ ಜಾಗ ಸಿಕ್ಕಿತು. ನಡುವಿನ ದಿನಗಳಲ್ಲಿ ಎಸ್ಕೇಪ್ ಕೆಳಗಿನ ಕೀಯ ಜಾಗದಲ್ಲಿ ₹ ಚಿತ್ರ ಕೂರಿಸಿದ ಫಾಂಟ್‌ಗಳು ಬಂದಿದ್ದವು. ಆ ಕಾಲದ ಫೈಲನ್ನು ಬೇರೆ ಫಾಂಟ್‌ನಲ್ಲಿ ತೆರೆದರೆ ಬೆಲೆಯ ಮುಂದೆ ಒಂದು ಓರೆ ಗೆರೆ ಮಾತ್ರ ಕಾಣುತ್ತದೆ. ಅಕ್ಕನ ಹಳೇ ಬಿಲ್ ಬುಕ್ ಫೈಲುಗಳಲ್ಲೂ ಅಂಥವು ಸಿಕ್ಕವು. ಫಾಂಟ್ ನಂಬಿಕೊಂಡ ಚಿಹ್ನೆಗಿಂತ ಕೀಬೋರ್ಡ್‌ನಿಂದ ನೇರವಾಗಿ ಬೀಳುವ ಯೂನಿಕೋಡ್ ₹ ಮೇಲು. ಅದಕ್ಕೇ ಅದು ಸರಾಗವಾಗಿ ಬೀಳುವಂತಾಗಬೇಕು ಅಂತ ನಾನು ಇಷ್ಟು ಹಟ ಹಿಡಿದದ್ದು.

ಕದಲದ ವಿಂಡೋ

ಎರಡನೇ ದೂರಿಗೆ ಬೇರುಗಳು ಜಾಸ್ತಿ ಆಳದಲ್ಲಿದ್ದವು. ಪೇಜ್ ಪ್ರೋಗ್ರಾಂ ಹಳೆಯದು. ಲಗ್ನಪತ್ರಿಕೆಯ ನೂರಾರು ಮಾದರಿಗಳು ಅದರಲ್ಲೇ ಇವೆ, ಬಿಡುವ ಹಾಗಿಲ್ಲ. ಅದರ ವಿಂಡೋ ಮುಂದಿದ್ದಾಗ ಸ್ಕ್ರಿಪ್ಟ್‌ನ ಶಾರ್ಟ್‌ಕಟ್ ಸತ್ತಂತೆ. ಶಿಫ್ಟ್ ಹಿಡಿದು ಎಳೆದರೂ ಝೋನ್‌ನಲ್ಲಿ ಕೂರುವುದಿಲ್ಲ. ಬೇರೆ ಎಲ್ಲ ವಿಂಡೋಗಳೂ ಸರಿ.

ಈ ಲಕ್ಷಣ ಕಂಡರೆ ಮೊದಲು ನೋಡಬೇಕಾದದ್ದು ಯಾರಿಗೆ ಎಷ್ಟು ಅಧಿಕಾರ ಇದೆ ಅನ್ನುವುದು. ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್ ಪುಟದಲ್ಲಿ ಮೇಲಿನ ತಲೆಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ಎಲಿವೇಟೆಡ್ ಅನ್ನುವ ಕಾಲಂ ಸೇರಿಸಿಕೊಳ್ಳಿ. ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಹೆಚ್ಚಿನ ಅಧಿಕಾರದಲ್ಲಿ, ಓಡುತ್ತಿರುವ ಪ್ರೋಗ್ರಾಂ ಮುಂದೆ ಎಸ್ ಅಂತ ಇರುತ್ತದೆ. ಇಲ್ಲಿ ಪೇಜ್ ಪ್ರೋಗ್ರಾಂ ಮುಂದೆ ಎಸ್. ಕನ್ನಡ ಸಾಫ್ಟ್‌ವೇರ್ ಮುಂದೆಯೂ ಎಸ್. ಪವರ್‌ಟಾಯ್ಸ್ ಮತ್ತು ಸ್ಕ್ರಿಪ್ಟ್ ಮುಂದೆ ನೋ.

ವಿಂಡೋಸ್ ವಿಸ್ತಾದಿಂದ ಈಚೆಗೆ ಒಂದು ಗೋಡೆ ಇದೆ. ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ ವಿಂಡೋಗೆ ಸಂದೇಶ ಕಳಿಸುವ ಹಾಗಿಲ್ಲ, ಅದನ್ನು ಸರಿಸುವ ಹಾಗಿಲ್ಲ, ಅದರೊಳಗೆ ಒತ್ತಿದ ಕೀಗಳನ್ನು ನೋಡುವ ಹಾಗೂ ಇಲ್ಲ. ಅಡ್ಮಿನಿಸ್ಟ್ರೇಟರ್ ವಿಂಡೋ ಮುಂದಿರುವಷ್ಟು ಹೊತ್ತು ಸಾಮಾನ್ಯ ಪ್ರೋಗ್ರಾಂನ ಕೀಬೋರ್ಡ್ ಹುಕ್‌ಗೆ ಏನೂ ಕೇಳಿಸುವುದಿಲ್ಲ. ಇದು ಕೆಟ್ಟಿರುವುದಲ್ಲ, ಬೇಕೆಂದೇ ಕಟ್ಟಿದ್ದು. ಪವರ್‌ಟಾಯ್ಸ್ ಇದನ್ನು ಮುಚ್ಚಿಡುವುದೂ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿರುವ ಪ್ರೋಗ್ರಾಂ ಕಂಡಿದೆ, ಅದರ ಜೊತೆ ಕೆಲವು ಕೆಲಸ ಆಗುವುದಿಲ್ಲ ಅಂತ ಮೂಲೆಯಲ್ಲಿ ಸೂಚನೆ ಹಾಕುತ್ತದೆ. ಮತ್ತೆ ತೋರಿಸಬೇಡ ಅಂತ ಒತ್ತಿದ್ದರೆ ಅದು ಮರೆತೇ ಹೋಗುತ್ತದೆ.

ಇದಕ್ಕೆ ಎಲ್ಲರೂ ಮಾಡುವ ಸುಲಭದ ಪರಿಹಾರ ಒಂದಿದೆ. ಪವರ್‌ಟಾಯ್ಸ್‌ನ ಜನರಲ್ ಪುಟದಲ್ಲಿ ಯಾವಾಗಲೂ ಅಡ್ಮಿನಿಸ್ಟ್ರೇಟರ್ ಆಗಿ ಓಡಲಿ ಅನ್ನುವುದನ್ನು ಆನ್ ಮಾಡುವುದು, ಸ್ಕ್ರಿಪ್ಟನ್ನೂ ಹಾಗೆಯೇ ಓಡಿಸುವುದು. ಕೆಲಸ ಆಗುತ್ತದೆ. ನಾನು ಮಾಡಲಿಲ್ಲ. ಡಿಟಿಪಿ ಅಂಗಡಿಗೆ ದಿನವಿಡೀ ಯಾರ್ಯಾರದೋ ಪೆನ್‌ಡ್ರೈವ್ ಬರುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಯಾರ್ಯಾರದೋ ಫೈಲ್ ಬರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಪ್ರೋಗ್ರಾಂನಲ್ಲಿ ಕೆಟ್ಟ ಫೈಲೊಂದು ತೆರೆದರೆ ಅದಕ್ಕೂ ಅಷ್ಟೇ ಅಧಿಕಾರ ಸಿಗುತ್ತದೆ. ಅಡ್ಮಿನಿಸ್ಟ್ರೇಟರ್ ಸ್ಕ್ರಿಪ್ಟ್‌ನಿಂದ ಶುರು ಮಾಡಿದ ಪ್ರೋಗ್ರಾಂಗೂ ಅದೇ ಅಧಿಕಾರ ಅಂಟಿಕೊಂಡು ಬರುತ್ತದೆ. ಮೂರು ವಿಂಡೋ ಜೋಡಿಸುವ ಅನುಕೂಲಕ್ಕೆ ಅಂಗಡಿಯ ಎಲ್ಲ ಬಾಗಿಲೂ ತೆಗೆದಿಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ಪೇಜ್ ಪ್ರೋಗ್ರಾಂಗೆ ಈ ಅಧಿಕಾರ ಮೊದಲು ಯಾಕೆ ಬೇಕಾಯಿತು?

ಅಕ್ಕನನ್ನು ಕೇಳುತ್ತಾ ಹೋದಂತೆ ಸರಪಳಿ ಬಿಚ್ಚಿಕೊಂಡಿತು. ಹೊಸ ಕಂಪ್ಯೂಟರ್‌ಗೆ ಬಂದಾಗ ಪೇಜ್ ಪ್ರೋಗ್ರಾಂ ತನ್ನ ಸೆಟ್ಟಿಂಗ್ ಉಳಿಸುತ್ತಿರಲಿಲ್ಲ. ಯಾರೋ ಅದಕ್ಕೆ ಅಡ್ಮಿನಿಸ್ಟ್ರೇಟರ್ ಆಗಿ ಓಡಲಿ ಅನ್ನುವ ಟಿಕ್ ಹಾಕಿದರು, ಉಳಿಸಿತು. ಆದರೆ ಅಂದಿನಿಂದ ಅದರೊಳಗೆ ಕನ್ನಡ ಬೀಳುವುದು ನಿಂತುಹೋಯಿತು. ಬರೀ ಇಂಗ್ಲಿಷ್ ಅಕ್ಷರ. ಅದೇ ಗೋಡೆ. ಆಮೇಲೆ ಕನ್ನಡ ಸಾಫ್ಟ್‌ವೇರ್‌ಗೂ ಟಿಕ್ ಹಾಕಿದರು, ಕನ್ನಡ ಬಂತು. ಆದರೆ ಕಂಪ್ಯೂಟರ್ ಆನ್ ಆದಾಗ ಅದು ತಾನಾಗಿ ಶುರುವಾಗುವುದು ನಿಂತಿತು. ಸ್ಟಾರ್ಟಪ್ ಪಟ್ಟಿಯಲ್ಲಿರುವ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೇಳಿದರೆ ವಿಂಡೋಸ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಹಾಗಾಗಿ ಪ್ರತಿ ಬೆಳಿಗ್ಗೆ ಅಕ್ಕ ಅದನ್ನು ಕೈಯಾರೆ ತೆರೆದು, ಪರದೆ ಮಂಕಾಗಿ ಬರುವ ಪ್ರಶ್ನೆಗೆ ಎಸ್ ಒತ್ತುತ್ತಿದ್ದರು. ಫೋಲ್ಡರ್‌ನಿಂದ ಫೋಟೋ ಎಳೆದು ಪೇಜ್ ಪ್ರೋಗ್ರಾಂ ಒಳಗೆ ಬಿಟ್ಟರೂ ಬೀಳುತ್ತಿರಲಿಲ್ಲ. ಆ ಪ್ರೋಗ್ರಾಂನಲ್ಲಿ ಅದು ಬರುವುದೇ ಇಲ್ಲ ಅಂದುಕೊಂಡಿದ್ದರು. ಅದನ್ನೂ ತಡೆಯುತ್ತಿದ್ದದ್ದು ಗೋಡೆಯೇ.

ಎಲ್ಲದರ ಬುಡ ಒಂದೇ: ಸೆಟ್ಟಿಂಗ್ ಉಳಿಸಲು ಆಗದೇ ಇದ್ದದ್ದು.

ಟಿಕ್ ತೆಗೆಯಲು ಪೇಜ್ ಪ್ರೋಗ್ರಾಂನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋದೆ. ಟಿಕ್ ಇದೆ, ಆದರೆ ಮಸುಕಾಗಿದೆ, ಒತ್ತಲು ಬರುವುದಿಲ್ಲ. ಇಂಥ ಕಡೆ ಕೆಳಗಿರುವ ಎಲ್ಲ ಬಳಕೆದಾರರ ಸೆಟ್ಟಿಂಗ್ ಬದಲಿಸುವ ಬಟನ್ ಒತ್ತಬೇಕು. ನಿಜವಾದ ಟಿಕ್ ಅದರೊಳಗಿರುತ್ತದೆ. ತೆಗೆದೆ. ಪ್ರೋಗ್ರಾಂ ತೆರೆಯಿತು. ಸೆಟ್ಟಿಂಗ್ ಬದಲಿಸಿ ಮುಚ್ಚುವಾಗ ಉಳಿಸಲಾಗಲಿಲ್ಲ ಅಂತ ಹೇಳಿತು. ನಿರೀಕ್ಷಿಸಿದ್ದೇ.

ಎಲ್ಲಿ ಬರೆಯಲು ಹೋಗಿ ಸೋಲುತ್ತಿದೆ ಅಂತ ತಿಳಿಯಲು ಸಿಸ್‌ಇಂಟರ್ನಲ್ಸ್‌ನ ಪ್ರೊಸೆಸ್ ಮಾನಿಟರ್ ತೆರೆದೆ. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟುತ್ತಿದೆ ಅಂತ ತೋರಿಸುವ ಪ್ರೋಗ್ರಾಂ ಅದು. ತೆರೆದ ಕೂಡಲೇ ಸಾವಿರಾರು ಸಾಲು ಹರಿದುಬರುತ್ತದೆ, ಹೆದರಬೇಡಿ. ಫಿಲ್ಟರ್‌ನಲ್ಲಿ ಪ್ರೋಗ್ರಾಂನ ಹೆಸರು ಒಂದು, ಫಲಿತಾಂಶ ಆ್ಯಕ್ಸೆಸ್ ಡಿನೈಡ್ ಅಂತ ಇನ್ನೊಂದು. ಅಷ್ಟು ಹಾಕಿ ಮತ್ತೆ ಸೆಟ್ಟಿಂಗ್ ಬದಲಿಸಿ ಮುಚ್ಚಿದೆ. ಪರದೆಯಲ್ಲಿ ಉಳಿದದ್ದು ಬೆರಳೆಣಿಕೆಯ ಸಾಲು. ಎಲ್ಲವೂ ಒಂದೇ ಜಾಗದವು. ಪ್ರೋಗ್ರಾಂ ಫೈಲ್ಸ್‌ನಲ್ಲಿ ಅದರ ಫೋಲ್ಡರ್ ಒಳಗೆ ಸೆಟ್ಟಿಂಗ್‌ಗೆ ಅಂತಲೇ ಇರುವ ಒಂದು ಒಳಫೋಲ್ಡರ್. ಹಳೇ ಕಾಲದ ಪ್ರೋಗ್ರಾಂಗಳಿಗೆ ಇದು ರೂಢಿ, ತನ್ನ ಪಕ್ಕದಲ್ಲೇ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವುದು. ಸಾಮಾನ್ಯ ಅಧಿಕಾರದಲ್ಲಿ ಅಲ್ಲಿ ಬರೆಯಲು ಬಿಡುವುದಿಲ್ಲ.

ಆ ಒಳಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯುರಿಟಿ ಪುಟ, ಎಡಿಟ್. ಯೂಸರ್ಸ್ ಗುಂಪಿಗೆ ಮಾಡಿಫೈ ಅನುಮತಿ ಕೊಟ್ಟೆ. ಇಲ್ಲಿ ಒಂದು ಎಚ್ಚರ ಬೇಕು. ಹೊರಗಿನ ದೊಡ್ಡ ಫೋಲ್ಡರ್‌ಗೆ ಈ ಅನುಮತಿ ಕೊಡಬೇಡಿ. ಅದರಲ್ಲಿ ಪ್ರೋಗ್ರಾಂನ ಮುಖ್ಯ ಫೈಲೇ ಇರುತ್ತದೆ. ಅದನ್ನು ಯಾರು ಬೇಕಾದರೂ ಬದಲಿಸುವಂತೆ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಸೆಟ್ಟಿಂಗ್ ಇರುವ ಒಳಫೋಲ್ಡರ್‌ಗೆ ಮಾತ್ರ.

ಪೇಜ್ ಪ್ರೋಗ್ರಾಂ ಸಾಮಾನ್ಯ ಅಧಿಕಾರದಲ್ಲೇ ಸೆಟ್ಟಿಂಗ್ ಉಳಿಸಿತು. ಕನ್ನಡ ಸಾಫ್ಟ್‌ವೇರ್‌ನ ಟಿಕ್ ಕೂಡ ತೆಗೆದೆ. ಎರಡನ್ನೂ ಮುಚ್ಚಿ ತೆರೆದು ಟಾಸ್ಕ್ ಮ್ಯಾನೇಜರ್ ನೋಡಿದರೆ ನಾಲ್ಕಕ್ಕೂ ನೋ. ಅಕ್ಕ ಕೂತು "ಶ್ರೀ ಗಣೇಶಾಯ ನಮಃ" ಅಂತ ಲಗ್ನಪತ್ರಿಕೆಯ ಮೊದಲ ಸಾಲು ಹೊಡೆದರು, ಕನ್ನಡ ಬಂತು. ಎಡಗೈಯಲ್ಲಿ ಕಂಟ್ರೋಲ್, ಆಲ್ಟ್, 2. ವಿಂಡೋ ನಡುವಿನ ಜಾಗಕ್ಕೆ ಬಂತು. ಫೋಲ್ಡರ್‌ನಿಂದ ವಧೂವರರ ಫೋಟೋ ಎಳೆದು ಪೇಜ್ ಮೇಲೆ ಬಿಡಿ ಅಂದೆ. ಬಿತ್ತು. "ಅಯ್ಯೋ, ಇದು ಬರುತ್ತಾ ಇದರಲ್ಲಿ!" ಅಂದರು. ಇಷ್ಟು ದಿನ ಫೈಲ್ ಮೆನು, ಇಂಪೋರ್ಟ್, ಫೋಲ್ಡರ್ ಹುಡುಕು, ಫೈಲ್ ಹುಡುಕು ಅಂತ ಪ್ರತಿ ಫೋಟೋಗೂ ಸುತ್ತು ಹೊಡೆಯುತ್ತಿದ್ದರು. ವಿಂಡೋ ಕದಲಿದ್ದಕ್ಕಿಂತ ಇದಕ್ಕೇ ಅವರಿಗೆ ಹೆಚ್ಚು ಖುಷಿ ಆಯಿತು.

ಉಳಿದ ಚಿಲ್ಲರೆ

ವಿಂಡೋ ಕದಲಿತು, ಸರಿ. ಆದರೆ ನಡುವಿನ ಝೋನ್ ಬಿಟ್ಟು ಬೇರೆ ಸಣ್ಣ ಝೋನ್‌ಗೆ ಕಳಿಸಿದರೆ ಪೇಜ್ ಪ್ರೋಗ್ರಾಂ ಪಕ್ಕದ ವಿಂಡೋ ಮೇಲೆ ಹತ್ತಿ ಕೂರುತ್ತಿತ್ತು. ಇದು ಜಗಳವಲ್ಲ, ಅಳತೆ. ಪ್ರತಿ ಪ್ರೋಗ್ರಾಂ ತಾನು ಇದಕ್ಕಿಂತ ಚಿಕ್ಕದಾಗುವುದಿಲ್ಲ ಅಂತ ಒಂದು ಮಿತಿ ಹೇಳಬಹುದು. ಯಾವ ವಿಂಡೋ ಮ್ಯಾನೇಜರ್ ಆದರೂ ಅದನ್ನು ಮೀರಿ ಒತ್ತಲಾಗುವುದಿಲ್ಲ.

ಹಳೇ ಪ್ರೋಗ್ರಾಂಗಳಲ್ಲಿ ಆ ಮಿತಿ ಇನ್ನೂ ದೊಡ್ಡದಾಗಿ ಕಾಣಲು ಒಂದು ಕಾರಣ ಇದೆ. ಅಂಗಡಿಯ ಪರದೆ 1920×1080, ಅಕ್ಷರ ದೊಡ್ಡದಾಗಿ ಕಾಣಲಿ ಅಂತ ಸ್ಕೇಲಿಂಗ್ 125%. ಸ್ಕೇಲಿಂಗ್ ಅಂದರೇನು ಅಂತ ತಿಳಿಯದ ಹಳೇ ಪ್ರೋಗ್ರಾಂಗೆ ವಿಂಡೋಸ್ 1536×864ರ ಪರದೆ ಇದೆ ಅಂತಲೇ ಹೇಳುತ್ತದೆ. 1920ನ್ನು 1.25ರಿಂದ ಭಾಗಿಸಿದರೆ ಬರುವುದು ಅಷ್ಟೇ. ಆಮೇಲೆ ಅದು ಬರೆದದ್ದನ್ನು ಹಿಗ್ಗಿಸಿ ತೋರಿಸುತ್ತದೆ. ಹಾಗಾಗಿ ಪ್ರೋಗ್ರಾಂ ತನಗೆ ಕನಿಷ್ಠ 640 ಚುಕ್ಕಿ ಅಗಲ ಸಾಕು ಅಂದರೆ ಪರದೆಯ ಮೇಲೆ ಅದು ಹಿಡಿಯುವುದು 800 ಚುಕ್ಕಿ. ಅಕ್ಷರ ಸ್ವಲ್ಪ ಮಬ್ಬಾಗಿ ಕಾಣುವುದೂ ಈ ಹಿಗ್ಗಿಸುವಿಕೆಯಿಂದಲೇ. ಝೋನ್ ಎಡಿಟರ್ ತೆರೆದು ನಡುವಿನ ಝೋನನ್ನು ಧಾರಾಳವಾಗಿ ಅಗಲ ಮಾಡಿ, ಬಲಗಡೆಯ ಎರಡನ್ನು ಕಿರಿದು ಮಾಡಿದೆ. ಪೇಜ್ ಪ್ರೋಗ್ರಾಂಗೆ ಆ ಒಂದು ಜಾಗ ಸಾಕು.

ಫಾಂಟ್ ಆರಿಸುವ ಸಣ್ಣ ಪೆಟ್ಟಿಗೆಗಳು ತೆರೆದಾಗಲೂ ಒಮ್ಮೊಮ್ಮೆ ಝೋನ್ ತುಂಬ ಹಿಗ್ಗಿಕೊಳ್ಳುತ್ತಿದ್ದವು. ಫ್ಯಾನ್ಸಿಝೋನ್ಸ್‌ನಲ್ಲಿ ಪಾಪಪ್ ವಿಂಡೋಗಳಿಗೂ ಝೋನ್ ಅನ್ವಯಿಸುವ ಆಯ್ಕೆ ಆನ್ ಆಗಿತ್ತು. ಹೊಸದಾಗಿ ತೆರೆದ ವಿಂಡೋ ಹಿಂದಿನ ಝೋನ್‌ಗೆ ಹೋಗಲಿ ಅನ್ನುವುದೂ ಆನ್. ಎರಡೂ ಸೇರಿದರೆ ಹೀಗೆಯೇ ಆಗುವುದು. ಪಾಪಪ್ ಆಯ್ಕೆ ಆಫ್ ಮಾಡಿದ್ದೇ ಸಾಕಾಯಿತು. ಒಂದು ಪ್ರೋಗ್ರಾಂ ಝೋನ್ ತಂಟೆಗೇ ಬರಬಾರದು ಅಂದರೆ ಅದರ ಹೆಸರನ್ನು ಎಕ್ಸ್‌ಕ್ಲೂಡ್ ಪಟ್ಟಿಯಲ್ಲಿ ಬರೆಯಬಹುದು. ಆದರೆ ಪಟ್ಟಿ ಅರ್ಧ ಹೆಸರು ಹೊಂದಿದರೂ ಹಿಡಿಯುತ್ತದೆ. ನೋಟ್‌ಪ್ಯಾಡ್ ಅಂತ ಮಾತ್ರ ಬರೆದರೆ ನೋಟ್‌ಪ್ಯಾಡ್++ ಕೂಡ ಹೊರಗೆ ಹೋಗುತ್ತದೆ. ಕೊನೆಯ ಚುಕ್ಕಿ ಇಎಕ್ಸ್‌ಇ ಸಮೇತ ಪೂರ್ತಿ ಹೆಸರು ಬರೆಯಿರಿ.

ಕೀಲಿವಿನ್ಯಾಸದಿಂದ ಇಂಗ್ಲಿಷ್ ಯುಎಸ್ ತೆಗೆದುಹಾಕಿ ಇಂಗ್ಲಿಷ್ ಇಂಡಿಯಾ ಒಂದನ್ನೇ ಉಳಿಸಿದೆ. ಪ್ರತಿ ವಿಂಡೋಗೂ ಬೇರೆ ಇನ್‌ಪುಟ್ ಅನ್ನುವ ಟಿಕ್ ತೆಗೆದೆ. ಕನ್ನಡ ಸಾಫ್ಟ್‌ವೇರನ್ನು ಸ್ಟಾರ್ಟಪ್ ಫೋಲ್ಡರ್‌ಗೆ ಮತ್ತೆ ಸೇರಿಸಿದೆ. ಈಗ ಅದು ಬೆಳಿಗ್ಗೆ ತಾನಾಗಿ ಬರುತ್ತದೆ, ಎಸ್ ಒತ್ತುವ ಕೆಲಸ ಇಲ್ಲ.

ಒಂದು ಮಾತ್ರ ಇನ್ನೂ ಬಾಕಿ ಇತ್ತು. ಸ್ಕ್ರಿಪ್ಟ್ ಕೂರಿಸಿದ ವಿಂಡೋಗಳ ನಡುವೆ ತೆಳ್ಳಗೆ ಸಂದು ಕಾಣುತ್ತದೆ, ಫ್ಯಾನ್ಸಿಝೋನ್ಸ್ ಕೂರಿಸಿದರೆ ಕಾಣುವುದಿಲ್ಲ. ವಿಂಡೋಸ್ 10ರಿಂದ ಈಚೆಗೆ ವಿಂಡೋದ ಎಡ, ಬಲ ಮತ್ತು ಕೆಳಗಡೆ ಕಣ್ಣಿಗೆ ಕಾಣದ ಅಂಚು ಇರುತ್ತದೆ, ಸ್ಕೇಲಿಂಗ್ 100% ಇದ್ದಾಗ ಸುಮಾರು 7 ಚುಕ್ಕಿ. ಹಿಡಿದು ಹಿಗ್ಗಿಸಲು ಅನುಕೂಲವಾಗಲಿ ಅಂತ. ಫ್ಯಾನ್ಸಿಝೋನ್ಸ್ ಅದನ್ನು ಲೆಕ್ಕ ಹಾಕಿಕೊಂಡೇ ಕೂರಿಸುತ್ತದೆ, ಸ್ಕ್ರಿಪ್ಟ್ ಕಾಣದ ಅಂಚನ್ನೂ ಸೇರಿಸಿ ಅಳೆಯುತ್ತದೆ. ಸ್ಕ್ರಿಪ್ಟ್‌ನ ನಾಲ್ಕೂ ಜಾಗಗಳನ್ನು ಎಡಕ್ಕೆ ಅಷ್ಟು ಸರಿಸಿ, ಅಗಲಕ್ಕೆ ಎರಡೂ ಬದಿಯ ಅಂಚು ಸೇರಿಸಿ, ಎತ್ತರಕ್ಕೆ ಕೆಳಗಿನದ್ದು ಸೇರಿಸಿದೆ. ಹಾಗೇ ಹೊಸ ಝೋನ್‌ಗಳ ಅಳತೆಗೆ ಸ್ಕ್ರಿಪ್ಟ್‌ನ ಅಂಕಿಗಳನ್ನೂ ಹೊಂದಿಸಿದೆ, ಇಲ್ಲದಿದ್ದರೆ ಎಳೆದು ಬಿಟ್ಟಾಗ ಒಂದು ಅಗಲ, ಶಾರ್ಟ್‌ಕಟ್ ಒತ್ತಿದಾಗ ಇನ್ನೊಂದು ಅಗಲ ಆಗುತ್ತದೆ. ಮುಂದೆ ಯಾರಾದರೂ ಝೋನ್ ಎಡಿಟರ್‌ನಲ್ಲಿ ಗೆರೆ ಸರಿಸಿದರೆ ಸ್ಕ್ರಿಪ್ಟ್‌ನಲ್ಲೂ ಅಂಕಿ ತಿದ್ದಬೇಕು ಅಂತ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆದಿಟ್ಟಿದ್ದೇನೆ.